ಕೂಗಿದ ಬೆಲೆ, ಕೊಟ್ಟ ಬೆಲೆ

ಕೇಳುಗರೇ, ನಮಸ್ಕಾರ.

ಅರಸೀಕೆರೆಯ ಕೊಬ್ಬರಿ ಹರಾಜು ನೋಡಿ ಬೆಳೆದವನು ನಾನು. ಹರಾಜು ನನಗೇನು ಹೊಸದಲ್ಲ ಅನ್ನುವ ಜಂಬ ಇತ್ತು. ಅದು ಇಳಿದದ್ದು ಬೆಂಗಳೂರಿನಲ್ಲಿ, ಹಳೇ ನಾಣ್ಯಗಳ ಹರಾಜಿಗೆ ಹೋದಾಗ.

ಹರಾಜಿಗೆ ಮುಂಚೆ ನಾಣ್ಯಗಳನ್ನು ಕೈಯಲ್ಲಿ ಹಿಡಿದು ನೋಡಲು ಬಿಡುತ್ತಾರೆ. ಅಂಚನ್ನಷ್ಟೇ ಹಿಡಿಯಬೇಕು, ಮುಖಕ್ಕೆ ಬೆರಳು ತಾಗಬಾರದು. ನಾನು ಮೊದಲು ಕೇಳಿದ್ದು ಹೊಯ್ಸಳ ದೊರೆ ವಿಷ್ಣುವರ್ಧನನ ಚಿನ್ನದ ನಾಣ್ಯ. ಹೆಬ್ಬೆರಳಿನ ಉಗುರಿನಷ್ಟಿದೆ. ಒಂದು ಬದಿ ಸಿಂಹ, ಇನ್ನೊಂದು ಬದಿ ಕನ್ನಡದಲ್ಲಿ ‘ಶ್ರೀ ತಳಕಾಡುಗೊಂಡ’. 1116ರ ಸುಮಾರಿಗೆ ಚೋಳರಿಂದ ತಳಕಾಡು ಗೆದ್ದ. 1117ರಲ್ಲಿ ಬೇಲೂರಿನ ದೇವಸ್ಥಾನ. ನೆಂಟರು ಬಂದಾಗಲೆಲ್ಲ ನಾವು ಕರೆದುಕೊಂಡು ಹೋಗಿ ತೋರಿಸುತ್ತೇವಲ್ಲ, ಅದನ್ನು ಕಟ್ಟಿಸಿದವನ ದುಡ್ಡು ನನ್ನ ಅಂಗೈಯಲ್ಲಿತ್ತು! ಆಮೇಲೆ ಬೆಲೆ ನೋಡಿದೆ. ಮೆತ್ತಗೆ ವಾಪಸ್ ಕೊಟ್ಟೆ.

ನನ್ನ ಯೋಗ್ಯತೆಗೆ ಸಿಕ್ಕಿದ್ದು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಕಾಸು. ಒಂದು ಕಡೆ ಆನೆ, ಇನ್ನೊಂದು ಕಡೆ ‘ಮಯಿಲಿ ಕಾಸು’ ಇಪ್ಪತ್ತು, ಇಂಗ್ಲಿಷಿನಲ್ಲೂ ಬರೆದಿದೆ. ಆನೆ ಚೆನ್ನಾಗಿ ಎದ್ದು ಕಾಣುತ್ತಿತ್ತು. ಪಟ್ಟಿಯ ಪಕ್ಕ ಪೆನ್ಸಿಲಿನಲ್ಲಿ ಆರು ಸಾವಿರ ಅಂತ ಬರೆದುಕೊಂಡೆ. ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಇಲ್ಲ ಅಂತ.

ಆದರೆ ಎರಡು ಸಾಲು ಹಿಂದೆ ಒಬ್ಬರು ಕೂತಿದ್ದರು. ನಾನು ಕೈ ಎತ್ತಿದರೆ ಅವರೂ ಎತ್ತುತ್ತಾರೆ. ಒಂದೊಂದು ಸಲಕ್ಕೆ ಐನೂರು ಏರುತ್ತದೆ. ಆರು ಸಾವಿರ ದಾಟಿದ್ದು ನನಗೆ ಗೊತ್ತೇ ಆಗಲಿಲ್ಲ. ಆಗ ನನಗೆ ಬೇಕಾಗಿದ್ದು ಕಾಸಲ್ಲ, ಅವರು ಸೋಲುವುದು. 8,500ಕ್ಕೆ ‘ಮೂರು ಸಾರಿ’ ಅಂದು ಸುತ್ತಿಗೆ ಬಿತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಕೂಗಿದ ಬೆಲೆಯ ಮೇಲೆ ಹರಾಜು ನಡೆಸುವವರ ಕಮಿಷನ್ ಇರುತ್ತದೆ. ಅಲ್ಲಿ ನೂರಕ್ಕೆ ಹದಿನೈದು ಇತ್ತು. ಅಂದರೆ 1,275. ಒಟ್ಟು 9,775, ತೆರಿಗೆ ಬೇರೆ. ನಿಯಮದ ಪುಟದಲ್ಲಿ ಇದೆಲ್ಲ ಅಚ್ಚಾಗಿತ್ತು. ನಾನು ಓದಿದ್ದು ಚಿತ್ರಗಳನ್ನು ಮಾತ್ರ. ಈಗ ಕಮಿಷನ್, ತೆರಿಗೆ ಎರಡನ್ನೂ ಕಳೆದೇ ಪೆನ್ಸಿಲಿನಲ್ಲಿ ಬರೆಯುತ್ತೇನೆ. ಇನ್ನೊಂದು ಸಂಗತಿ: ತಾಮ್ರದ ಈ ಕಾಸು ಆಗಾಗ ಹರಾಜಿಗೆ ಬರುತ್ತಲೇ ಇರುತ್ತದೆ. ಇವತ್ತು ಬಿಟ್ಟರೆ ನಾಳೆ ಸಿಗುತ್ತದೆ. ಕೊಬ್ಬರಿ ಹರಾಜು ನೋಡಿದವನಿಗೆ ಇಷ್ಟು ಹೊಳೆಯಬೇಕಿತ್ತು, ಅಲ್ವಾ?

ಕೊಳ್ಳುವವರಿಗೆ ಒಂದೆರಡು ಮಾತು. ಎರಕ ಹೊಯ್ದ ನಕಲಿಯಲ್ಲಿ ಸೂಜಿಮೊನೆಯಂಥ ಗುಳಿಗಳು ಕಾಣಬಹುದು, ಅಂಚಿನಲ್ಲಿ ಗೆರೆ ಇರಬಹುದು. ಭೂತಗನ್ನಡಿ, ಪುಟ್ಟ ತಕ್ಕಡಿ ಜೊತೆಗಿರಲಿ. ಮನೆಗೆ ತಂದ ಮೇಲೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ದಮ್ಮಯ್ಯ. ಹೊಳಪು ಬರುತ್ತದೆ, ಬೆಲೆ ಹೋಗುತ್ತದೆ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು, ಸುಮ್ನೆ ಹೊರದೇಶಕ್ಕೆ ಕಳಿಸುವಂತಿಲ್ಲ. ಕೊಂಡ ಬಿಲ್ಲನ್ನೂ ಜೋಪಾನವಾಗಿಡಿ.

ನಾನೂ ಇಟ್ಟಿದ್ದೇನೆ. ಅವತ್ತು ರಾತ್ರಿ ಹಾಸನಕ್ಕೆ ಬಂದಾಗ ಮನೆಯವಳು ಎಷ್ಟಾಯಿತು ಅಂತ ಕೇಳಿದಳು. ಆರು ಸಾವಿರ ಅಂದೆ. ಈಗ ರೇಡಿಯೋ ಹಾಕಿಕೊಂಡು ಕೂತಿರುತ್ತಾಳೆ. ಬಿಲ್ಲು ಬೀರುವಿನ ಕೆಳಗಿನ ಖಾನೆಯಲ್ಲಿದೆ, ಪಂಚಾಂಗದ ಒಳಗೆ.

ನಮಸ್ಕಾರ.