ಲಿಫ್ಟ್‌ನಲ್ಲಿ ಸಿಕ್ಕಿಬಿದ್ದ ಕೊಲೆಗಾರ

ಕೇಳುಗರೇ, ನಮಸ್ಕಾರ. ಪ್ಯಾರಿಸ್‌ನಲ್ಲಿ ಒಬ್ಬ ತನ್ನ ಧಣಿಯನ್ನು ಕೊಲ್ಲುತ್ತಾನೆ. ಧಣಿಯ ಹೆಂಡತಿ ಜೊತೆ ಸೇರಿ ಹೂಡಿದ ಸಂಚು. ಹಗ್ಗ ಹಿಡಿದು ಕಟ್ಟಡದ ಹೊರಗಿನಿಂದ ಹತ್ತಿ, ಗುಂಡು ಹೊಡೆದು, ಆತ್ಮಹತ್ಯೆ ಅನ್ನಿಸೋ ಹಾಗೆ ಎಲ್ಲಾ ಜೋಡಿಸಿ, ಏನೂ ಆಗದವನಂತೆ ಕೆಳಗೆ ಬಂದು ಕಾರು ಹತ್ತುತ್ತಾನೆ. ತಲೆ ಎತ್ತಿದರೆ ಹಗ್ಗ ಅಲ್ಲೇ ನೇತಾಡುತ್ತಿದೆ! ತರೋಕೆ ಓಡಿ ಲಿಫ್ಟ್ ಹತ್ತುತ್ತಾನೆ. ಅಷ್ಟರಲ್ಲಿ ಕಾವಲುಗಾರ ಕರೆಂಟ್ ಆಫ್ ಮಾಡಿ ಮನೆಗೆ ಹೊರಡುತ್ತಾನೆ. ಹೊರಗೆ ಒಬ್ಬ ಹುಡುಗ ಇವನ ಕಾರು ಕದ್ದು ಹೋಗಿ ಇನ್ಯಾರನ್ನೋ ಕೊಲ್ಲುತ್ತಾನೆ, ಆ ಕೊಲೆ ಇವನ ತಲೆಗೆ ಬರುತ್ತದೆ. 'ನಾನು ಲಿಫ್ಟ್‌ನಲ್ಲಿದ್ದೆ' ಅಂತ ಬಾಯಿಬಿಡೋ ಹಾಗೂ ಇಲ್ಲ, ಅಲ್ವಾ?

ಇದು 1958ರಲ್ಲಿ ಬಂದ, ಫ್ರೆಂಚ್ ನಿರ್ದೇಶಕ ಲೂಯಿ ಮಾಲ್‌ನ ಸಿನಿಮಾ, ಇಂಗ್ಲಿಷ್‌ನಲ್ಲಿ 'ಎಲಿವೇಟರ್ ಟು ದ ಗ್ಯಾಲೋಸ್'. ಇದರ ಸಂಗೀತವನ್ನು ಅಮೆರಿಕದ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ 1957ರ ಡಿಸೆಂಬರ್‌ನ ಒಂದೇ ರಾತ್ರಿಯಲ್ಲಿ, ತೆರೆಯ ಮೇಲಿನ ದೃಶ್ಯ ನೋಡುತ್ತಾ ನುಡಿಸಿದ್ದು.

ಫ್ರೆಂಚ್ ನುವಾರ್, ಅಂದರೆ ಅಪರಾಧದ ಸುತ್ತ ಹೆಣೆದ ಇಂಥ ಮಂಕು ಬಣ್ಣದ ಸಿನಿಮಾ, ಅಂದ ಕೂಡಲೇ ಮಳೆ, ಸಿಗರೇಟು, ಉದ್ದನೆಯ ಕೋಟು ಅಂತಾರೆ. ಅದೆಲ್ಲ ಮೇಲಿನ ಅಲಂಕಾರ. ಎದೆ ಹಿಂಡೋದು ಬೇರೆ: ಈ ಸಿನಿಮಾಗಳ ಅಪರಾಧಿಗಳು ದಡ್ಡರಲ್ಲ, ಕೆಲಸದಲ್ಲಿ ಪಳಗಿದವರು. 1955ರ 'ರಿಫಿಫಿ'ಯಲ್ಲಿ ಕಳ್ಳರು ಮೇಲ್ಮನೆಯ ನೆಲ ಕೊರೆದು, ಚೂರುಗಳು ಸದ್ದು ಮಾಡದಿರಲಿ ಅಂತ ತೂತಿನಿಂದ ಕೊಡೆ ಇಳಿಸಿ ಬಿಡಿಸಿ, ಕೆಳಗಿನ ಒಡವೆ ಅಂಗಡಿಗೆ ಇಳಿಯುತ್ತಾರೆ. ಸುಮಾರು ಅರ್ಧ ಗಂಟೆ ಮಾತಿಲ್ಲ, ಸಂಗೀತವಿಲ್ಲ. ಕಳ್ಳತನ ಗೆದ್ದೇ ಗೆಲ್ಲುತ್ತದೆ. ಆಮೇಲೆ ಅವರಲ್ಲೊಬ್ಬ ಪ್ರೇಯಸಿಗೆ ಕದ್ದ ಉಂಗುರವೊಂದನ್ನು ಕೊಡುತ್ತಾನೆ, ಗುಟ್ಟು ಬಯಲಾಗುತ್ತದೆ. ಮುಗೀತು.

ಜಾನ್ ಪಿಯೆರ್ ಮೆಲ್ವಿಲ್‌ನ 1970ರ 'ಲೆ ಸರ್ಕಲ್ ರೂಜ್' ಬುದ್ಧನ ಮಾತಿನಿಂದ ಶುರುವಾಗುತ್ತದೆ: ಸೇರಬೇಕಾದವರು ಯಾವ ದಾರಿ ಹಿಡಿದರೂ ಕೊನೆಗೆ ಕೆಂಪು ವೃತ್ತದೊಳಗೆ ಸೇರಿಯೇ ಸೇರುತ್ತಾರೆ ಅಂತ. ಬುದ್ಧ ಹಾಗೇನೂ ಹೇಳಿಲ್ಲ, ಮೆಲ್ವಿಲ್ ತಾನೇ ಬರೆದು ಅವನ ಹೆಸರಿಗೆ ಹಾಕಿದ್ದು! ನಾವಾದರೆ ಕೆಟ್ಟದ್ದಾದಾಗ ಹಿಂದಿನ ಜನ್ಮದ ಲೆಕ್ಕ ಅಂತಲಾದರೂ ಸಮಾಧಾನ ಮಾಡಿಕೊಳ್ಳುತ್ತೇವೆ. ಮೆಲ್ವಿಲ್‌ನ ಲೋಕದಲ್ಲಿ ಅದೂ ಇಲ್ಲ. ಯಾಕೆ ಅಂತ ಯಾರೂ ಕೇಳೋದಿಲ್ಲ.

ಎರಡನೇ ಮಹಾಯುದ್ಧ ನೋಡಿದವರು, ಹೀಗೇ ಇರ್ತಾರೆ ಅನ್ನಬಹುದು. ಮೆಲ್ವಿಲ್ ಜರ್ಮನರ ವಿರುದ್ಧ ಗುಪ್ತ ಹೋರಾಟದಲ್ಲಿದ್ದವನು ನಿಜ. ಆದರೆ ಈ ಮಂಕು ಯುದ್ಧಕ್ಕಿಂತ ಹಳೆಯದು. 1939ರಲ್ಲಿ ಮಾರ್ಸೆಲ್ ಕಾರ್ನೆಯ 'ಲೆ ಜೂರ್ ಸೆ ಲೆವ್' ಬಂದಾಗ ಯುದ್ಧ ಇನ್ನೂ ಶುರುವಾಗಿರಲಿಲ್ಲ. ಕೊಲೆ ಮಾಡಿದ ಕಾರ್ಮಿಕನೊಬ್ಬ, ಪೊಲೀಸರು ಸುತ್ತುವರಿದ ಕೋಣೆಯಲ್ಲಿ ಬೆಳಗಾಗೋವರೆಗೆ ಕಾಯೋ ಕಥೆ. ಯುದ್ಧ ಶುರುವಾದ ಮೇಲೆ, ಜನರ ಧೈರ್ಯ ಕುಗ್ಗಿಸುತ್ತದೆ ಅಂತ ಅದನ್ನು ನಿಷೇಧಿಸಿದರು.

ನೋಡೋರಿದ್ದರೆ ಲಿಫ್ಟ್ ಸಿನಿಮಾದಿಂದಲೇ ಶುರು ಮಾಡಿ. ಮೆಲ್ವಿಲ್ ಆಮೇಲೆ. ಅವನ ಸಿನಿಮಾಗೆ ತಾಳ್ಮೆ ಸ್ವಲ್ಪ ಜಾಸ್ತಿ ಬೇಕು.