ಮೊದಲು ಫಾಸ್ಫೇಟ್, ಆಮೇಲೆ ಅಕ್ಷರ

ಕೇಳುಗರಿಗೆ ನಮಸ್ಕಾರ. ಪಿಯುಸಿ ಓದುತ್ತಿರುವ ಮಕ್ಕಳೇ, ಇವತ್ತಿನ ಮಾತು ಮುಖ್ಯವಾಗಿ ನಿಮಗೆ. ಡಿಎನ್‌ಎಯಲ್ಲಿ, ಅಂದರೆ ನಮ್ಮ ವಂಶವಾಹಿ ಮಾಹಿತಿ ಹೊತ್ತ ಅಣುವಿನಲ್ಲಿ, ಏನಿದೆ ಅಂತ ಕೇಳಿದರೆ ಎ, ಟಿ, ಜಿ, ಸಿ ಅಂತ ನಾಲ್ಕು ಅಕ್ಷರ ಪಟಪಟನೆ ಒಪ್ಪಿಸುತ್ತೀರಿ. ಸಂತೋಷ. ಫಾಸ್ಫೇಟ್ ಎಲ್ಲಿದೆ ಅಂತ ಕೇಳಿದರೆ ಮಾತ್ರ ತರಗತಿಗೆ ತರಗತಿಯೇ ಸುಮ್ಮನಾಗುತ್ತದೆ. ನನಗೆ ಬೇಜಾರಾಗುವುದೇ ಅಲ್ಲಿ.

ಮಲ್ಲಿಗೆ ಮಾಲೆ ನೋಡುವಾಗ ಎಲ್ಲರ ಕಣ್ಣೂ ಹೂವಿನ ಮೇಲೆ, ದಾರ ಯಾರಿಗೂ ಬೇಡ. ಡಿಎನ್‌ಎಯ ದಾರ ಅಂದರೆ ಒಂದು ಸಕ್ಕರೆ, ಒಂದು ಫಾಸ್ಫೇಟ್, ಮತ್ತೆ ಸಕ್ಕರೆ, ಮತ್ತೆ ಫಾಸ್ಫೇಟ್. ಉದ್ದಕ್ಕೂ ಹೀಗೇ. ನೀವು ಬಾಯಿಪಾಠ ಮಾಡಿದ ನಾಲ್ಕು ಅಕ್ಷರಗಳಿವೆಯಲ್ಲ, ಆ ಬೇಸ್‌ಗಳನ್ನು ಕಟ್ಟಿರುವುದು ಸಕ್ಕರೆಗೆ. ಒಂದು ಸಕ್ಕರೆ, ಒಂದು ಫಾಸ್ಫೇಟ್, ಒಂದು ಬೇಸ್ ಸೇರಿದರೆ ಒಂದು ನ್ಯೂಕ್ಲಿಯೊಟೈಡ್. ಅಷ್ಟೇ.

ಈ ವಸ್ತುವಿನ ಗುರುತು ಮೊದಲು ಸಿಕ್ಕಿದ್ದೂ ಅಕ್ಷರಗಳಿಂದಲ್ಲ. ಆ ಕಥೆ ಹೇಳದೆ ನನಗೆ ಮುಂದೆ ಹೋಗಲು ಆಗುವುದಿಲ್ಲ. 1869ನೇ ಇಸವಿ, ಜರ್ಮನಿಯ ಟ್ಯೂಬಿಂಗೆನ್ ಊರು. ಫ್ರೀಡ್ರಿಷ್ ಮೀಷರ್ ಅಂತ ಸ್ವಿಟ್ಜರ್ಲೆಂಡಿನ ಹುಡುಗ, 25 ಇನ್ನೂ ತುಂಬಿರಲಿಲ್ಲ. ಓದಿದ್ದು ವೈದ್ಯಕೀಯ. ಕಿವಿ ಸ್ವಲ್ಪ ಮಂದ. ರೋಗಿಗಳನ್ನು ನೋಡುವುದು ಕಷ್ಟ ಅಂತ ಸಂಶೋಧನೆಗೆ ಬಂದ. ಅವನ ಪ್ರಯೋಗಾಲಯ ಎಲ್ಲಿತ್ತು ಗೊತ್ತಾ? ಹಳೇ ಕೋಟೆಯ ಅಡುಗೆಮನೆಯಲ್ಲಿ!

ಅವನಿಗೆ ಬೇಕಾಗಿದ್ದು ಬಿಳಿ ರಕ್ತಕಣ. ಅದು ಕೀವಿನಲ್ಲಿ ಬೇಕಾದಷ್ಟಿರುತ್ತದೆ. ಆ ಕಾಲದಲ್ಲಿ ಗಾಯ ಕೀವಾಗುವುದು ಮಾಮೂಲು. ಹತ್ತಿರದ ಆಸ್ಪತ್ರೆಯಿಂದ ಬಿಚ್ಚಿದ ಬ್ಯಾಂಡೇಜುಗಳನ್ನು ತರಿಸಿಕೊಂಡ. ಮುಖ ಸಿಂಡರಿಸಬೇಡಿ, ಕೊಳೆತು ನಾರುತ್ತಿದ್ದುದನ್ನು ಅವನೂ ಬಿಸಾಡುತ್ತಿದ್ದ. ಉಳಿದದ್ದನ್ನು ತೊಳೆದು ಕಣಗಳನ್ನು ಬೇರೆ ಮಾಡಿದ. ಹಂದಿಯ ಹೊಟ್ಟೆಯಿಂದ ಪೆಪ್ಸಿನ್ ಅನ್ನುವ ಜೀರ್ಣಕಿಣ್ವ ತೆಗೆದು ಕಣಗಳ ಮೇಲೆ ಹಾಕಿದ. ಪೆಪ್ಸಿನ್ ಪ್ರೋಟೀನನ್ನು ಕರಗಿಸಿತು. ಕಣದ ಕೇಂದ್ರದಲ್ಲಿದ್ದ ಏನೋ ಒಂದು ಮಾತ್ರ ಜಪ್ಪಯ್ಯ ಅಂದರೂ ಕರಗಲಿಲ್ಲ.

ಅದರಲ್ಲಿ ಏನೇನಿದೆ ಅಂತ ಪರೀಕ್ಷಿಸಿದಾಗ ಪ್ರೋಟೀನ್‌ನಲ್ಲಿ ಇರಬೇಕಾದ ಗಂಧಕ ಕಾಣಲಿಲ್ಲ. ಬದಲಿಗೆ ಸಿಕ್ಕಾಪಟ್ಟೆ ಫಾಸ್ಫರಸ್, ಅಂದರೆ ಫಾಸ್ಫೇಟಿನೊಳಗಿನ ಮೂಲಧಾತು! ಇದು ಪ್ರೋಟೀನ್ ಅಲ್ಲವೇ ಅಲ್ಲ ಅಂತ ಮೀಷರ್‌ಗೆ ಖಾತ್ರಿಯಾಯಿತು. ನ್ಯೂಕ್ಲಿಯಿನ್ ಅಂತ ಹೆಸರಿಟ್ಟ. ಇವತ್ತು ನಾವು ಡಿಎನ್‌ಎ ಅನ್ನುವುದು ಇದನ್ನೇ. ಅವನ ಗುರು ಹೊಪ್ಪೆ-ಸೈಲರ್ ಸುಲಭಕ್ಕೆ ನಂಬುವ ಆಸಾಮಿಯಲ್ಲ. ಪ್ರಯೋಗವನ್ನು ತಾನೂ ಮಾಡಿ ನೋಡಿ, 1871ರಲ್ಲಿ ಪ್ರಕಟಣೆಗೆ ಒಪ್ಪಿದ. ನೋಡಿ, ಇದರಲ್ಲಿ ಎ, ಟಿ, ಜಿ, ಸಿ ಇವೆ ಅಂತ ಯಾರಿಗೂ ಗೊತ್ತಿಲ್ಲದ ಕಾಲದಲ್ಲೇ ಫಾಸ್ಫೇಟ್ ಸುಳಿವು ಕೊಟ್ಟಿತ್ತು.

ಕಥೆಯಲ್ಲೇ ಅರ್ಧ ಹೊತ್ತು ಹೋಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಡಿಎನ್‌ಎಯಲ್ಲಿ ಇಂಥ ದಾರಗಳು ಎರಡು, ಎದುರುಬದುರಿನ ಅಕ್ಷರಗಳು ಜೋಡಿಯಾಗುತ್ತವೆ. ಎ ಜೊತೆ ಟಿ, ಎರಡು ಹೈಡ್ರೋಜನ್ ಬಂಧ. ಜಿ ಜೊತೆ ಸಿ, ಮೂರು. ಇದು ನಿಮಗೆ ಗೊತ್ತು, ಬಿಡಿ. ಫಾಸ್ಫೇಟ್ ಏನು ಮಾಡುತ್ತದೆ? ಪ್ರತಿಯೊಂದು ಫಾಸ್ಫೇಟಿನ ಮೇಲೂ ಋಣ ವಿದ್ಯುದಂಶ ಇರುತ್ತದೆ. ಡಿಎನ್‌ಎ ಆಮ್ಲ ಆಗಿರುವುದು ಫಾಸ್ಫೇಟಿನಿಂದ. ಪ್ರಯೋಗಾಲಯದಲ್ಲಿ ಜೆಲ್‌ನೊಳಗೆ ಕರೆಂಟ್ ಹರಿಸಿದಾಗ ಡಿಎನ್‌ಎ ಧನ ತುದಿಯ ಕಡೆ ಓಡುವುದೂ ಅದರಿಂದಲೇ.

ಇನ್ನು ಡಿಎನ್‌ಎಯ ಸೋದರ ಅಣು ಆರ್‌ಎನ್‌ಎ. ಟಿ ಬದಲು ಯು ಅಂತ ಬರೆದು ಕೈತೊಳೆದುಕೊಳ್ಳಬೇಡಿ. ಅದರ ಸಕ್ಕರೆಯ 2ನೇ ಕಾರ್ಬನ್ ಮೇಲೆ ಒಂದು ಓಎಚ್ ಗುಂಪು ಜಾಸ್ತಿ ಇದೆ. ಕ್ಷಾರದಲ್ಲಿ ಹಾಕಿದರೆ ಆ ಓಎಚ್ ಪಕ್ಕದ ಫಾಸ್ಫೇಟಿನ ಮೇಲೆ ಬಿದ್ದು ಸರಪಳಿಯನ್ನೇ ಕತ್ತರಿಸುತ್ತದೆ. ಡಿಎನ್‌ಎಯಲ್ಲಿ ಆ ಓಎಚ್ ಇಲ್ಲ, ಹಾಗಾಗಿ ಬಾಳಿಕೆ ಜಾಸ್ತಿ. ಇಲ್ಲೂ ಫಾಸ್ಫೇಟೇ ಬಂತು, ಅಲ್ವಾ?

ಪರೀಕ್ಷೆಯಲ್ಲಿ ನ್ಯೂಕ್ಲಿಯೊಟೈಡ್ ಚಿತ್ರ ಕೇಳಿದರೆ ಬೇಸನ್ನು ಸಕ್ಕರೆಯ 1ನೇ ಕಾರ್ಬನ್‌ಗೆ, ಫಾಸ್ಫೇಟನ್ನು 5ನೇ ಕಾರ್ಬನ್‌ಗೆ ಸೇರಿಸಿ. ಮುಂದಿನ ನ್ಯೂಕ್ಲಿಯೊಟೈಡಿನ ಫಾಸ್ಫೇಟ್ ಬಂದು ಸೇರುವುದು 3ನೆಯದಕ್ಕೆ. ದಯವಿಟ್ಟು ಫಾಸ್ಫೇಟನ್ನೇ ಮೊದಲು ಬರೆಯಿರಿ. ನಮಸ್ಕಾರ.