ಸೌತೆಕಾಯಿಯ ಕಹಿ, ಪಾಚಿಯ ವಿಷ

ಕೇಳುಗರಿಗೆಲ್ಲ ನಮಸ್ಕಾರ. ಕೋಲಾರದಲ್ಲಿ ಕೂತವರಿಗೆ ಸಮುದ್ರದ ಪಾಚಿ ಯಾಕೆ ಅಂತ ರೇಡಿಯೊ ಆರಿಸಬೇಡಿ. ಸೌತೆಕಾಯಿ ಹೆಚ್ಚೋ ಮುಂಚೆ ತೊಟ್ಟಿನ ಹತ್ತಿರ ಒಂದು ಚೂರು ಕೊಯ್ದು ನಾಲಿಗೆ ಮೇಲೆ ಇಟ್ಟು ನೋಡ್ತೀರಲ್ಲ, ಯಾಕೆ? ಸಿಪ್ಪೆ ನೋಡಿ ಕಹಿ ಹೇಳೋಕಾಗಲ್ಲ. ಪಾಚಿಯೂ ಹಾಗೇ. ವಿಷದ್ದೋ ಸಾಧುವೋ, ನೋಡಿ ಹೇಳೋಕಾಗಲ್ಲ. ರುಚಿ ನೋಡೋ ಹಾಗೂ ಇಲ್ಲ!

1987ರ ಮಾತು. ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪ. ಅಲ್ಲಿ ಸಮುದ್ರದಲ್ಲಿ ಮಸ್ಸೆಲ್ ಅನ್ನೋ ಚಿಪ್ಪುಜೀವಿ ಸಾಕ್ತಾರೆ. ಅದನ್ನ ಬೇಯಿಸಿ ತಿಂದ ನೂರಕ್ಕೂ ಹೆಚ್ಚು ಜನರಿಗೆ ಕಾಯಿಲೆ ಹತ್ತಿತು. ಮೊದಲು ವಾಂತಿ, ಭೇದಿ. ಆಮೇಲೆ ಕೆಲವರಿಗೆ ಮರೆವು. ವಾಂತಿ ನಿಂತರೂ ಮರೆವು ಬಿಡಲಿಲ್ಲ. ಮೂವರು ತೀರಿಕೊಂಡರು. ವಿಜ್ಞಾನಿಗಳು ಹಗಲು ರಾತ್ರಿ ಕೂತು ಐದು ದಿನದೊಳಗೆ ವಿಷ ಹಿಡಿದರು, ಡೊಮೊಯಿಕ್ ಆಮ್ಲ. ಬೇಯಿಸಿದರೂ ಹೋಗದ್ದು. ಮಸ್ಸೆಲ್‌ ಹೊಟ್ಟೆ ತುಂಬ ಪಾಚಿ. ಸೂಜಿಯಂಥ ಕೋಶಗಳು, ತುದಿಗೆ ತುದಿ ಅಂಟಿಕೊಂಡು ಸರ ಆಗಿರ್ತವೆ. ಆ ಸರ ಹಾಗೇ ಮೆಲ್ಲಗೆ ಜಾರಿಕೊಂಡು ಹೋಗುತ್ತೆ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ ತೆಗೆಯೋಕೆ ಮನಸ್ಸು ಬರಲ್ಲ, ಅಷ್ಟು ಚೆಂದ. ಆ ಚೆಂದದ್ದೇ ವಿಷ ಕಟ್ಟಿತ್ತು. ಅದಕ್ಕೂ ಒಂದು ನಿರುಪದ್ರವಿ ಪಾಚಿಗೂ ಆಗ ಒಂದೇ ಹೆಸರು, ಪಂಜೆನ್ಸ್. ಡಿಎನ್‌ಎ ಹೋಲಿಸಿದಾಗ ಎರಡೂ ಬೇರೆ ಅಂತ ಖಾತ್ರಿಯಾಯ್ತು. 1995ರಲ್ಲಿ ವಿಷದ್ದಕ್ಕೆ ಮಲ್ಟಿಸೀರೀಸ್ ಅನ್ನೋ ಬೇರೆ ಜಾತಿಯ ಪಟ್ಟ ಸಿಕ್ಕಿತು. ಈಗಲೂ ಬಣ್ಣ ನೋಡಿ ಹೇಳ್ತೀನಿ ಅನ್ನೋರಿದ್ದಾರೆ. ಆಗಲ್ಲ ರೀ, ನೋಡಿ ಹೇಳೋಕಾಗಲ್ಲ!

ಸಮಯ ಆಗ್ತಾ ಬಂತು, ಬೇಗ ಹೇಳಿಬಿಡ್ತೀನಿ. ಈ ವಿಷ ಕಟ್ಟೋ ಜೀನ್‌ಗಳನ್ನ 2018ರಲ್ಲಿ ಪತ್ತೆ ಮಾಡಿದರು. ಕೊರೊನಾ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿ ಪಿಸಿಆರ್ ಮಾಡಿದರಲ್ಲ, ಪಾಚಿಯಲ್ಲಿ ಆ ಜೀನ್ ಇದೆಯೋ ಇಲ್ವೋ ನೋಡೋಕೂ ಅದೇ ಪರೀಕ್ಷೆ. ಇಲ್ಲಿ ಮೂಗಿನ ಬದಲು ನೀರು ಸೋಸಿ ಪಾಚಿ ತೆಗೀತಾರೆ. ಜೀನ್ ಇಲ್ಲದ ಪಾಚಿ ಆ ವಿಷ ಕಟ್ಟಲಾರದು.

ಇನ್ನು ನಮ್ಮ ಕೆರೆ. ಬೇಸಿಗೆಯಲ್ಲಿ ನೀರಿನ ಮೇಲೆ ಹಸಿರು ಪೇಂಟ್ ಚೆಲ್ಲಿದ ಹಾಗೆ ಕಟ್ಟುತ್ತಲ್ಲ, ಅದರಲ್ಲಿ ಮೈಕ್ರೊಸಿಸ್ಟಿಸ್ ಅನ್ನೋ ನೀಲಿ-ಹಸಿರು ಪಾಚಿ ಇರಬಹುದು. ಅದರಲ್ಲೂ ವಿಷ ಕಟ್ಟೋದು, ಕಟ್ಟದ್ದು ಎರಡೂ ಉಂಟು, ನೋಡೋಕೆ ಒಂದೇ. ಅದಕ್ಕೂ ಜೀನ್ ಪರೀಕ್ಷೆ ಇದೆ. ಆ ವಿಷ ಕೂರೋದು ಈಲಿಯಲ್ಲಿ, ಅಂದರೆ ಲಿವರ್‌ನಲ್ಲಿ. ನೀರು ಕುದಿಸಿದರೂ ಹೋಗಲ್ಲ. ಪರೀಕ್ಷೆ ಆಗೋ ತನಕ ಅಂಥ ನೀರಿಗೆ ದನ, ಕುರಿ ಇಳಿಸಬೇಡಿ, ಮಕ್ಕಳನ್ನಂತೂ ಬಿಡಲೇಬೇಡಿ. ನಮಸ್ಕಾರ.